ಬಾಳೆನಾರು ಕಟ್ಟಿದ ಕತ್ತಿ

ಗುಂಡುಗಲ್ಲು ಅಂತ ಒಂದು ಸೀಮೆ ಇತ್ತಂತೆ. ಎಲ್ಲಿ ನೋಡಿದರೂ ಬಂಡೆ, ಬಂಡೆಯ ಸಂದಿಯಲ್ಲೆಲ್ಲ ತೋಳ. ಆ ಸೀಮೆಗೆ ಬಸವಂತನಾಯಕ ಅಂತ ಒಬ್ಬ ದೊರೆ. ಯುದ್ಧದಲ್ಲಿ ಹುಲಿ, ಮನೆಯಲ್ಲಿ ಬೆಣ್ಣೆ. ಅವನಿಗೆ ಒಬ್ಬಳೇ ಮಗಳು, ಹೊನ್ನಾಜಿ. ಒಂಬತ್ತು ತುಂಬಿತ್ತು.

ಬೆಳಿಗ್ಗೆ ಅಂಬಲಿ ಕುಡಿಯುವಾಗ ಅವಳು ಕೇಳುತ್ತಿದ್ದಳು, "ಅಪ್ಪಾಜಿ, ನಂಗೆ ಕತ್ತಿ ಯಾವಾಗ ಕಲಿಸ್ತೀರಿ?" ಮಧ್ಯಾಹ್ನ ಮುದ್ದೆ ಮುರಿಯುವಾಗ ಅದೇ ಪ್ರಶ್ನೆ. ಸಂಜೆ ದೀಪ ಹಚ್ಚುವಾಗ ಮತ್ತೆ ಅದೇ. ಮೂರು ಸಲವೂ ದೊರೆ "ನೋಡೋಣ" ಅನ್ನುತ್ತಿದ್ದ. ದೊಡ್ಡವರು ನೋಡೋಣ ಅಂದರೆ ಇಲ್ಲ ಅಂತಲೇ ಅರ್ಥ, ಅದು ನಿಮಗೆ ಗೊತ್ತಿಲ್ಲದ್ದೇನಲ್ಲ.

ಪಾಪ, ದೊರೆಯ ಸಂಕಟ ದೊರೆಗೆ. ಕತ್ತಿ ಕೊಟ್ಟರೆ ಮಗು ಕೈ ಕೊಯ್ದುಕೊಂಡೀತು. ಕೊಡದಿದ್ದರೆ ತೋಳ ಹೊತ್ತುಕೊಂಡು ಹೋದೀತು. ಆ ಸೀಮೆಯಲ್ಲಿ ತನ್ನ ಜೀವ ತಾನು ಕಾಯ್ದುಕೊಳ್ಳಲು ಬಾರದವರಿಗೆ ಉಳಿಗಾಲವಿರಲಿಲ್ಲ.

ಯಾವ ಮಗು ಯಾವಾಗ ಕಲಿಯಬೇಕು ಅನ್ನುವುದಕ್ಕೆ ಅಲ್ಲೊಂದು ಪದ್ಧತಿ. ಗರಡಿಮನೆ ಬಾಗಿಲ ಪಕ್ಕ ಒಂದು ಗೂಟ, ಗೂಟಕ್ಕೆ ಒಂದು ಕತ್ತಿ. ಕೈಯೆತ್ತಿದರೆ ಹಿಡಿ ಎಟುಕಬೇಕು. ಎಟುಕಿದ ಮಗು ಒಳಗೆ, ಎಟುಕದ ಮಗು ಹೊರಗೆ. ಹೊನ್ನಾಜಿ ಕುಳ್ಳಿ. ಎಗರಿದರೂ ಎಟುಕದು. ದೊರೆಗೆ ಒಳಗೊಳಗೇ ಸಮಾಧಾನ.

ಆ ವರ್ಷ ಯಾರ ಮನೆ ಮಗು ಮೊದಲು ಗರಡಿಗೆ ಸೇರುತ್ತದೋ ಆ ಮನೆಗೆ ಕೋಟೆ ಬಾಗಿಲ ಕಾವಲಿನ ಅಧಿಕಾರ. ಅದರ ಮೇಲೆ ದಳವಾಯಿ ಕಸ್ತೂರಪ್ಪನ ಕಣ್ಣು. ಅವನ ಮಗ ಸಿಂಗನಿಗೆ ಆರೇ ವರ್ಷ. ಕಸ್ತೂರಪ್ಪ ಯಾರೂ ಇಲ್ಲದ ಹೊತ್ತು ನೋಡಿ ಗೂಟವನ್ನು ಒಂದು ಗೇಣು ಇಳಿಸಿದ. ಸಿಂಗನಿಗೆ ಎಟುಕಲಿಲ್ಲ. ಇನ್ನೊಂದು ಗೇಣು ಇಳಿಸಿದ. ಆಗಲೂ ಎಟುಕಲಿಲ್ಲ. ಮತ್ತೊಂದು ಗೇಣು ಇಳಿಸಿದ. ಈಗ ಎಟುಕಿತು, ಬೆಳಗಾಗಲಿ ಅಂತ ಮಗನನ್ನು ಮನೆಗೆ ಕರೆದೊಯ್ದ. ಅವನ ಆಸೆ ತನ್ನ ಮಗನ ಮೇಲೆ, ಎಟುಕಿದ್ದು ಊರ ಮಕ್ಕಳಿಗೆಲ್ಲ! ಸಿಂಗ ಹಲ್ಲುಜ್ಜಿ ಬರುವಷ್ಟರಲ್ಲಿ ಹುಡುಗರೆಲ್ಲ ಗರಡಿಗೆ ನುಗ್ಗಿ ಕೈಗೊಂದು ಕತ್ತಿ ಹಿಡಿದು ಬೀದಿಗೆ ಬಂದಿದ್ದರು.

ಕೇಳಬೇಕೆ? ಮೊದಲು ಕುಂಬಾರಗಿತ್ತಿ ಅಳುತ್ತಾ ಬಂದಳು, ಅವಳ ಕುಂಬಳಬಳ್ಳಿ ತುಂಡು ತುಂಡಾಗಿತ್ತು. ಆಮೇಲೆ ನೀರು ಸೇದುವವರು ಬಂದರು, ಬಾವಿ ಹಗ್ಗ ಹೋಗಿ ಕೊಡ ತಳ ಸೇರಿತ್ತು. ಕೊನೆಗೆ ಪೂಜಾರಪ್ಪ ತಲೆ ಮುಚ್ಚಿಕೊಂಡು ಬಂದ. ನಿದ್ದೆ ಮಾಡುತ್ತಿದ್ದಾಗ ಅವನ ಜುಟ್ಟು ಹಾರಿತ್ತು.

ದೊರೆ ಕತ್ತಿಗಳನ್ನೆಲ್ಲ ವಾಪಸು ತರಿಸಿ ಗರಡಿಯ ಮುದ್ದವ್ವನನ್ನು ಕರೆಸಿದ. ಎಪ್ಪತ್ತು ದಾಟಿದ ಮುದುಕಿ. ದೊರೆಗೂ ದಳವಾಯಿಗೂ ಕತ್ತಿ ಕಲಿಸಿದವಳು ಅವಳೇ.

"ಗೂಟ ನಂಬಿ ಕೆಟ್ಟೆವು ಮುದ್ದವ್ವ. ಮಕ್ಕಳ ಕೈಗೆ ಕತ್ತಿ ಯಾವಾಗ ಕೊಡಬೇಕು?"

"ಗೂಟ ಅಳೆಯೋದು ಕೈಯ ಉದ್ದ, ತಲೆಯ ಬುದ್ಧಿ ಅಳೆಯೋದು ಯಾರು?" ಅಂದಳು ಮುದ್ದವ್ವ. "ಆಸೆಪಟ್ಟ ಮಕ್ಕಳಿಗೆಲ್ಲ ಒಂದೊಂದು ಮೊಂಡುಕತ್ತಿ ಕೊಡ್ತೀನಿ. ಹಿಡಿಗೂ ಒರೆಗೂ ಸೇರಿಸಿ ಬಾಳೆನಾರು ಕಟ್ಟಿರ್ತೀನಿ. ಮೂರು ದಿನ ಸೊಂಟದಲ್ಲಿ ಕಟ್ಕೊಂಡು ಓಡಾಡಲಿ. ನಾಲ್ಕನೇ ದಿನ ನನ್ನ ಮುಂದೆ ತಂದಿಡಲಿ. ನಾನು ನೋಡಿ ಹೇಳ್ತೀನಿ."

ಇಪ್ಪತ್ತು ಮಕ್ಕಳು ಕತ್ತಿ ಕಟ್ಟಿಕೊಂಡರು. ಮೊದಲ ದಿನ ಗಾಣದ ಮುಂದೆ ಕಬ್ಬು ಕಂಡಿತು, ಹತ್ತು ನಾರು ಹರಿದವು. ಎರಡನೇ ದಿನ ಚಿನ್ನಿದಾಂಡಿನಲ್ಲಿ ಜಗಳ ಬಂತು, ಆರು ನಾರು ಹರಿದವು. ಮೂರನೇ ದಿನ ಯಾರೋ ಯಾರನ್ನೋ ಹೇಡಿ ಅಂದರು, ಇನ್ನೆರಡು ಹರಿದವು. ಉಳಿದದ್ದು ಸಿಂಗ ಮತ್ತು ಹೊನ್ನಾಜಿ.

ದೊರೆಗೆ ಹೆಮ್ಮೆ ತಡೆಯಲಾಗಲಿಲ್ಲ. ಮೂರನೇ ದಿನ ಸಂಜೆ ಮಗಳು ಮನೆಗೆ ಬಂದಳು. ಅವಳ ಸೊಂಟದ ಕತ್ತಿ ನೋಡಿದ. ನಾರು ಇರಲಿಲ್ಲ.

"ಯಾಕೆ ಪುಟ್ಟೀ?"

"ಮುದ್ದವ್ವನ ಮುಂದೆ ಹೇಳ್ತೀನಿ ಅಪ್ಪಾಜಿ."

ದೊರೆಗೆ ಊಟ ಸೇರಲಿಲ್ಲ. ಬಾಳೆನಾರಿಗೇನು ಬರ? ತೋಟಕ್ಕೆ ಆಳು ಕಳಿಸಿದರೆ ಆಯ್ತು, ಯಾರಿಗೂ ತಿಳಿಯದು. ಹಾಗೆ ಯೋಚಿಸಿ ಕೈ ಚಾಚಿಯೇಬಿಟ್ಟ. ಮಗಳು ಕತ್ತಿ ಹಿಂದಕ್ಕೆಳೆದುಕೊಂಡು ಅವನ ಮುಖ ನೋಡಿದಳು. ದೊರೆಗೆ ನಾಚಿಕೆಯಾಯಿತು. ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ.

ನಾಲ್ಕನೇ ದಿನ ಊರೆಲ್ಲ ಗರಡಿ ಮುಂದೆ ನೆರೆಯಿತು. ಕಸ್ತೂರಪ್ಪ ಮೀಸೆ ತಿರುವುತ್ತಾ ಮಗನ ಕತ್ತಿ ಎತ್ತಿ ಹಿಡಿದ. "ನೋಡಿ, ನಾರಿನ ಒಂದು ಎಳೆ ಹರಿದಿಲ್ಲ. ಕಾವಲು ನಮ್ಮ ಮನೆಗೆ."

ಮುದ್ದವ್ವ ಹುಡುಗನನ್ನು ಹತ್ತಿರ ಕರೆದಳು. "ಸಿಂಗಪ್ಪಾ, ಮೂರು ದಿನ ಕತ್ತಿ ಕಟ್ಕೊಂಡು ಎಲ್ಲೆಲ್ಲಿ ತಿರುಗಾಡಿದೆ ಮಗಾ?"

"ನಂಗೆಲ್ಲಿ ಕೊಟ್ರು ಅಜ್ಜಿ? ಅಪ್ಪಾರು ಅವತ್ತೇ ಇಸ್ಕೊಂಡು ರಾಗಿ ಕಣಜದೊಳಗೆ ಹೂತಿಟ್ರು."

ಮುದ್ದವ್ವ ಕತ್ತಿಯನ್ನು ಒರೆಸಮೇತ ತಲೆಕೆಳಗು ಮಾಡಿದಳು. ಒರೆಯ ಬಾಯಿಂದ ಒಂದು ಹಿಡಿ ರಾಗಿ ಜರಜರ ಸುರಿಯಿತು. ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಜುಟ್ಟು ಕಳೆದುಕೊಂಡ ಪೂಜಾರಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ.

ಕಸ್ತೂರಪ್ಪ ಕೆಂಡವಾದ. "ನಮ್ಮದು ಹರಿದಿಲ್ಲ ತಾನೆ? ದೊರೆ ಮಗಳದ್ದು ಹರಿದೇ ಹೋಗಿದೆಯಲ್ಲ, ಅದನ್ನ ಕೇಳಿ!"

ನಗು ನಿಂತಿತು. ದೊರೆ ತಲೆ ತಗ್ಗಿಸಿದ. ಹೊನ್ನಾಜಿ ಮುಂದೆ ಬಂದಳು.

"ನಿನ್ನೆ ಬೋರೆಹಣ್ಣಿಗೆ ಬಂಡೆ ಹತ್ರ ಹೋಗಿದ್ವಿ ಅಜ್ಜಿ. ತೋಳ ಬಂತು. ಮೊದಲು ಕೂಗ್ದೆ, ಹೋಗಲಿಲ್ಲ. ಆಮೇಲೆ ಕಲ್ಲು ಬೀಸ್ದೆ, ಹೋಗಲಿಲ್ಲ. ಆಮೇಲೆ ಬಂಡೆಗೆ ಬೆನ್ನು ಕೊಟ್ಟು ಕತ್ತಿ ಹಿರಿದೆ. ಸ್ವಲ್ಪ ಹೊತ್ತು ನೋಡಿ ಅದೇ ಹೋಯ್ತು. ತಿರುಗಿ ಒರೆಗೆ ಹಾಕ್ದೆ. ನಾರು ಮಾತ್ರ ಹರಿದಿತ್ತು. ತಪ್ಪಾಗಿದ್ರೆ ತಪ್ಪಾಯ್ತು."

"ತೋಳವಂತೆ!" ಕಸ್ತೂರಪ್ಪ ಕೈ ಬೀಸಿದ. "ಕಂಡವರ್ಯಾರು? ಜೊತೆಗೆ ಇದ್ದವರ್ಯಾರು?"

"ನಾನಿದ್ದೆ ಅಪ್ಪಾ," ಅಂದ ಸಿಂಗ ಸಣ್ಣ ದನಿಯಲ್ಲಿ. "ನಿಮಗೆ ಹೇಳದೆ ಹೋಗಿದ್ದೆ, ಹೊಡೀತೀರಿ ಅಂತ ಸುಮ್ನಿದ್ದೆ. ಅಕ್ಕ ನನ್ನ ಹಿಂದಕ್ಕೆ ನಿಲ್ಲಿಸ್ಕೊಂಡ್ಲು. ತೋಳ ಹೋಗೋವಾಗ ಅಟ್ಟಿಸ್ಕೊಂಡು ಹೋಗೋಣ ಅಂದೆ. ಹೋಗೋದನ್ನ ಹೋಗೋಕೆ ಬಿಡು ಅಂತ ಬೈದ್ಲು."

ಮುದ್ದವ್ವ ಮೆಲ್ಲಗೆ ಅಂದಳು, "ದಳವಾಯಿಗಳೇ, ನಿಮ್ಮ ಕತ್ತಿ ಕಣಜದಲ್ಲಿ ಭದ್ರವಾಗಿತ್ತು. ನಿಮ್ಮ ಮಗ ತೋಳದ ಮುಂದೆ ನಿಂತಿದ್ದ."

ಕಸ್ತೂರಪ್ಪನ ಮೀಸೆ ಇಳಿಯಿತು. ಮಗನನ್ನು ಬಾಚಿ ತಬ್ಬಿಕೊಂಡು, ಅಷ್ಟು ಜನರ ಎದುರಿಗೇ ಗಳಗಳನೆ ಅತ್ತುಬಿಟ್ಟ. ಗೂಟ ಇಳಿಸಿದ್ದೂ ನಾನೇ ಅಂತ ಒಪ್ಪಿಕೊಂಡ. ದೊರೆಯೂ ಸುಮ್ಮನೆ ಕೂರಲಿಲ್ಲ. "ನಾನೂ ಹೊಸ ನಾರು ಕಟ್ಟಿಸೋಕೆ ಹೊರಟಿದ್ದೆ, ಮಗಳು ಬಿಡಲಿಲ್ಲ," ಅಂತ ಎಲ್ಲರ ಮುಂದೆ ಹೇಳಿದ. ಮುದ್ದವ್ವ ಇಬ್ಬರನ್ನೂ ನೋಡಿ, ಹಳೇ ಶಿಷ್ಯರು ಇನ್ನೂ ಪಾಸಾಗಿಲ್ಲ ಅನ್ನುವ ಹಾಗೆ ತಲೆಯಾಡಿಸಿದಳು.

ಆಮೇಲೆ ತೀರ್ಪು ಕೊಟ್ಟಳು. ಹೊನ್ನಾಜಿಗೆ ನಾಳೆಯಿಂದಲೇ ಗರಡಿ, ಕೋಟೆ ಬಾಗಿಲ ಕಾವಲೂ ಅವಳ ಮನೆಗೇ. ಉಳಿದ ಮಕ್ಕಳಿಗೆ ಮುಂದಿನ ವರ್ಷ ಮತ್ತೆ ಬಾಳೆನಾರು. ಇನ್ನು ದಳವಾಯಿ? ಅವನು ಕುಂಬಳಬಳ್ಳಿ ನೆಟ್ಟುಕೊಡಬೇಕು, ಬಾವಿಗಿಳಿದು ಕೊಡ ತೆಗೆಯಬೇಕು, ಪೂಜಾರಪ್ಪನ ಜುಟ್ಟು ಬೆಳೆಯುವವರೆಗೆ ದಿನಾ ಎಣ್ಣೆ ತಿಕ್ಕಬೇಕು. ಅದನ್ನು ಕೇಳಿ ಪೂಜಾರಪ್ಪ ಅಲ್ಲೇ ಕುಣಿದ. ಅವತ್ತು ಊರಿಗೆಲ್ಲ ಹೋಳಿಗೆ ಊಟ.

ದೊರೆ ಮಾತ್ರ ಎರಡು ಹೋಳಿಗೆ ತಿನ್ನುವಷ್ಟರಲ್ಲಿ ನಾಲ್ಕು ಸಲ ಮಗಳ ಕಡೆ ನೋಡಿದ. ಅವನ ಹೆದರಿಕೆ ಪೂರ್ತಿ ಹೋಗಿರಲಿಲ್ಲ. ಅಪ್ಪಂದಿರ ಹೆದರಿಕೆ ಪೂರ್ತಿ ಹೋಗುವುದೂ ಇಲ್ಲ. ಆದರೂ ಮಗಳು ಗರಡಿಯ ಹೊಸ್ತಿಲು ದಾಟುವಾಗ ಅವನೇ ಕೈಯಾರೆ ಅವಳಿಗೆ ನಡುಕಟ್ಟು ಬಿಗಿದ.

ಕೇಳಿದಿರಲ್ಲ ಮಕ್ಕಳೇ, ನೆನಪಿಟ್ಟುಕೊಳ್ಳಿ. ಆಯುಧಕ್ಕೆ ಕೈ ಎಟುಕಿದರೆ ಸಾಲದು. ಯಾವಾಗ ಹಿರಿಯಬೇಕು, ಯಾವಾಗ ಒರೆಗೆ ಹಾಕಬೇಕು ಅಂತ ತಿಳಿದು, ಮಾಡಿದ್ದನ್ನು ಮುಚ್ಚಿಡದೆ ಹೇಳುವ ಮಗುವಿಗೇ ಅದನ್ನು ಹಿಡಿಯುವ ವಯಸ್ಸು ಬಂದದ್ದು.