ದೊರೆಯ ಮೂಗು ಬೆಳೆಯಲಿಲ್ಲ

ಗೂಳಿಕೋಟೆಯ ಪಾಳೆಯಗಾರ ಮುದ್ದಪ್ಪ ನಾಯಕನ ಹತ್ತಿರ ಅಂಗೈಯಗಲದ ಒಂದು ಪಟ ಇತ್ತು. ಅವನದೇ ಚಿತ್ರ. ಅದರಲ್ಲಿ ಮೂಗು ಅವರೆಕಾಳಿನಷ್ಟೇ. ದೊರೆಗೆ ಅದೇ ಸಂತೋಷ.

ಒಂದು ದಿನ ಚಿತ್ರಗಾರನನ್ನು ಕರೆಸಿದ.

"ಲೋ, ಇದನ್ನ ಕೋಟೆ ಗೋಡೆ ಮೇಲೆ ಆನೆಯೆತ್ತರ ಬರಿ. ಮೂಗು ಮಾತ್ರ ಈ ಪಟದಲ್ಲಿರೋದಕ್ಕಿಂತ ಎಳ್ಳಷ್ಟು ದೊಡ್ಡದು ಕಂಡರೂ ನಿನ್ನ ಮೂಗು ಕೊಯ್ಯಿಸ್ತೀನಿ."

"ಆಗಲಿ ಬುದ್ಧೀ" ಅಂದ ಚಿತ್ರಗಾರ. ಅನ್ನದೆ ಗತಿಯಿರಲಿಲ್ಲ.

ಮುಖವೆಲ್ಲ ಬೆಳೆದು ಮೂಗೊಂದೇ ಹಾಗೇ ಉಳಿದರೆ ಅದು ದೊರೆಯ ಮುಖವಾಗುವುದಿಲ್ಲ. ಮೂಗೂ ಬೆಳೆದರೆ ತನ್ನ ಮೂಗು ಉಳಿಯುವುದಿಲ್ಲ. ಚಿತ್ರಗಾರ ಪಟ ಹಿಡಿದು ಗೋಡೆಯ ಮುಂದೆ ಕೂತ. ತೀರಿಕೊಂಡ ಹೆಂಡತಿ ನೆನಪಾದಳು. ಹೊಲದಲ್ಲಿ ಬುತ್ತಿ ಬಿಚ್ಚುವಾಗ ಅವಳು ಅಂಗೈ ಎತ್ತಿ ದೂರದ ಬೆಟ್ಟವನ್ನು ಮುಚ್ಚುತ್ತಿದ್ದಳು. "ನೋಡು, ಬೆಟ್ಟ ನನ್ನ ಕೈಯಷ್ಟೇ ಐತೆ" ಎಂದು ನಗುತ್ತಿದ್ದಳು.

ಅವನು ಎದ್ದ. ಪಟದ ಮೇಲೆ ನೂಲು ಹಿಡಿದು ಚೌಕ ಮಾಡಿಕೊಂಡ. ಗೋಡೆಯ ಮೇಲೂ ಅಷ್ಟೇ ಚೌಕ ಹಾಕಿದ, ದೊಡ್ಡದಾಗಿ. ಚೌಕಕ್ಕೆ ಚೌಕ ನೋಡಿ ಬರೆದ. ಕಣ್ಣು ಬೆಳೆಯಿತು, ಮೀಸೆ ಬೆಳೆಯಿತು, ಮೂಗು ಕುಂಬಳಕಾಯಿಯಷ್ಟಾಯಿತು.

ಆಮೇಲೆ ದೊರೆಯನ್ನು ದೂರದ ಬುರುಜಿಗೆ ಹತ್ತಿಸಿದ.

"ಒಂದು ಕಣ್ಣು ಮುಚ್ಚಿ, ಪಟ ಎದುರಿಗೆ ಹಿಡೀರಿ ಬುದ್ಧೀ."

ದೊರೆ ಹಿಡಿದ. ಪಟದ ಮುಖ ಗೋಡೆಯ ಮುಖವನ್ನು ಸರಿಯಾಗಿ ಮುಚ್ಚಿತು. ಸರಿಸಿ ನೋಡಿದ, ಮತ್ತೆ ಹಿಡಿದ. ಮೀಸೆಗೆ ಮೀಸೆ, ಮೂಗಿಗೆ ಮೂಗು ಕೂತಿತ್ತು. ಎಳ್ಳಷ್ಟೂ ಹೆಚ್ಚಿರಲಿಲ್ಲ.

"ಶಿವನೇ! ಅಷ್ಟು ದೊಡ್ಡದು ಇಷ್ಟರೊಳಗೆ ಹೆಂಗೆ ಹಿಡೀತೋ?"

ಆಮೇಲೆ ಅನುಮಾನ ಬಂತು.

"ಹತ್ತಿರ ಹೋಗಿ ನೋಡಿದವನಿಗೆ?"

ಚಿತ್ರಗಾರ ಕೈಮುಗಿದ. "ತಮ್ಮ ಹತ್ತಿರ ಹೋಗಿ ನಿಲ್ಲೋ ಧೈರ್ಯ ಯಾರಿಗೈತೆ ಬುದ್ಧೀ?"

"ಹೌದಲ್ಲ" ಎಂದು ದೊರೆ ಮೀಸೆ ತಿರುವಿದ. ಮತ್ತೆ ಒಂದು ಕಣ್ಣು ಮುಚ್ಚಿದ.