ಗಾಣದ ಎತ್ತಿಗೆ ಇಂಗ್ಲಿಷ್ ಪಾಠ

ಗಾಣದ ಪಕ್ಕದ ಜಗಲಿಯಲ್ಲಿ ದಿನವೂ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ನಡೆಯುತ್ತಿತ್ತು. ಅಲ್ಲೇ ಪಂಜರದಲ್ಲಿದ್ದ ಗಿಳಿ ವ್ಯಾಕರಣವನ್ನೆಲ್ಲ ಕೇಳಿ ಕಲಿತುಬಿಟ್ಟಿತು. ಮಕ್ಕಳು ಮನೆಗೆ ಹೋದ ಮೇಲೆ ಅದಕ್ಕೆ ಪಾಠ ಹೇಳಲು ಸಿಗುತ್ತಿದ್ದುದು ಗಾಣ ಸುತ್ತುವ ಮುದಿ ಎತ್ತೊಂದೇ.

“ಬಸವ, ಈ ಗಳಿಗೆಯಲ್ಲಿ ನಡೆಯುತ್ತಿರುವ ಕೆಲಸವನ್ನು ಹೇಳುವುದು ಹೀಗೆ,” ಎಂದಿತು ಗಿಳಿ. “‘ಐ’ ಆದಮೇಲೆ ‘ಆಮ್’ ಇಡಬೇಕು. ಕ್ರಿಯಾಪದದ ಕೊನೆಗೆ ‘ಇಂಗ್’ ಸೇರಿಸಬೇಕು. ನೀನು ಏನು ಮಾಡುತ್ತಿದ್ದೀಯ, ಹೇಳು.”

“ಐ ವಾಕಿಂಗ್.”

“ಆಮ್ ಎಲ್ಲಿ?”

“ಸುಸ್ತಿನಲ್ಲಿ ಎಲ್ಲೋ ಬಿದ್ದುಹೋಯಿತು, ಮೇಷ್ಟ್ರೇ. ಐ ಆಮ್ ವಾಕಿಂಗ್. ಇನ್ನು ನಿಮ್ಮದೊಂದು ಹೇಳಿ.”

ಗಿಳಿ ಎದೆಯುಬ್ಬಿಸಿತು. “ಐ ಆಮ್ ಫ್ಲೈಯಿಂಗ್. ಅಂದರೆ, ನಾನು ಹಾರುತ್ತಿದ್ದೇನೆ.”

ಎತ್ತು ನಿಂತು ಪಂಜರವನ್ನು ನೋಡಿತು. “ಈ ಗಳಿಗೆಯಲ್ಲೇ?”

ಗಿಳಿಯ ಉಬ್ಬಿದ ಎದೆ ಇಳಿಯಿತು. ಎತ್ತಿಗೆ ಅಯ್ಯೋ ಅನ್ನಿಸಿತು. ನೊಗದ ಭಾರದಲ್ಲೇ ಕತ್ತು ಚಾಚಿ, ಕೊಂಬಿನ ತುದಿಯಿಂದ ಪಂಜರದ ಚಿಲಕ ಎತ್ತಿತು. ಬಾಗಿಲು ತೆರೆದುಕೊಂಡಿತು.

“ಹೋಗಿ ಮೇಷ್ಟ್ರೇ. ನನ್ನ ನೊಗ ಬಿಚ್ಚುವವರು ಯಾರೂ ಇಲ್ಲ. ನೀವಾದರೂ ಹಾರಿ.”

ಗಿಳಿ ಬಾಗಿಲಿನ ತನಕ ಬಂದಿತು. ಹೊರಗಿನ ಬಯಲನ್ನು ತುಂಬ ಹೊತ್ತು ನೋಡಿತು. ಆಮೇಲೆ ಮೆಲ್ಲಗೆ ಹಿಂದೆ ಸರಿದು ತನ್ನ ಕೋಲಿನ ಮೇಲೆ ಕೂತಿತು.

“ಬಾಗಿಲು ಮುಚ್ಚು, ಬಸವ,” ಎಂದಿತು. “ನಾನು ಹೇಳಿದ್ದು ಬರೀ ಉದಾಹರಣೆಗೆ.”

ವಾದಿಸುವಷ್ಟು ಶಕ್ತಿ ಎತ್ತಿಗೆ ಉಳಿದಿರಲಿಲ್ಲ. ಅದು ಬಾಗಿಲನ್ನು ತೆರೆದೇ ಬಿಟ್ಟು ಗಾಣ ಸುತ್ತತೊಡಗಿತು.