ಗುರುಶಾಂತಪ್ಪ ಹಾಕಿದ ಬಿರಡೆ

ರಾಣೇಬೆನ್ನೂರಿನಲ್ಲಿ ಗುರುಶಾಂತಪ್ಪನೆಂಬ ಪಂಪ್‌ಸೆಟ್ ವ್ಯಾಪಾರಿ ಇದ್ದ. ಒಳ್ಳೆಯವನು, ಆದರೆ ಅವನಿಗೊಂದು ಹಟ. ಮನೆಯಲ್ಲಿ ಏನೇ ಕೆಟ್ಟರೂ ತಾನೇ ರಿಪೇರಿ ಮಾಡಬೇಕು. ನಲ್ಲಿ ಸೋರಿದರೆ ತಾನೇ, ಮಿಕ್ಸರ್ ನಿಂತರೆ ತಾನೇ. ಮನೆ ಮುಂದಿನ ಹಳೆಯ ಡೀಸೆಲ್ ಕಾರಂತೂ ಅವನ ಕೈ ಬಿಟ್ಟು ಬೇರೆಯವರ ಕೈ ಕಂಡಿರಲಿಲ್ಲ. ಎಷ್ಟೋ ಸಲ ರಿಪೇರಿ ಸರಿಯಾಗಿಯೇ ಆಗುತ್ತಿತ್ತು. ಹಟ ಬೆಳೆದದ್ದೂ ಅದರಿಂದಲೇ.

ಅವನಿಗೂ ಹೆಂಡತಿ ಶಕುಂತಲಾಗೂ ಒಬ್ಬಳೇ ಮಗಳು, ದಾಕ್ಷಾಯಣಿ. ಮನೆಯವರಿಗೆ ದಾಕ್ಷಿ. ಕಾಲೇಜಿಗೆ ಹೋಗುತ್ತಿದ್ದ ಆ ಹುಡುಗಿ ಜ್ವರ ಬಂದು ಮಲಗಿದವಳು ಮತ್ತೆ ಏಳಲಿಲ್ಲ.

ಆ ಸೀಮೆಯಲ್ಲಿ ಒಂದು ಪದ್ಧತಿ ಇದೆ. ಸಾವಾದ ಮನೆಗೆ ನೆಂಟರು, ಓಣಿಯವರು ಒಬ್ಬರಾದ ಮೇಲೊಬ್ಬರು ಬರುತ್ತಾರೆ. 'ಮಾತಾಡಿಸಿ ಬರುವುದು' ಎನ್ನುತ್ತಾರೆ ಅದಕ್ಕೆ. ಹೆಸರು ಮಾತಾಡಿಸುವುದು, ನಡೆಯುವುದು ಅಳು. ಬಂದ ಹೆಂಗಸರು ಮನೆಯವಳನ್ನು ತಬ್ಬಿಕೊಂಡು, ಹೋದವರ ಗುಣ ಎಣಿಸಿ ಎಣಿಸಿ ಹಾಡಿಕೊಂಡು ಅಳುತ್ತಾರೆ. ಹೊಸಬರು ಬಂದಾಗಲೆಲ್ಲ ಹೊಸ ಅಳು. ದೂರದಿಂದ ನೋಡುವವರಿಗೆ ಇದೆಂಥ ಹಿಂಸೆ ಅನ್ನಿಸಬಹುದು. ಗುರುಶಾಂತಪ್ಪನಿಗೂ ಹಾಗೆಯೇ ಅನ್ನಿಸಿತು. ಹೆಂಡತಿ ಅತ್ತೂ ಅತ್ತೂ ಸೋಲುವುದನ್ನು ಅವನಿಂದ ನೋಡಲಾಗಲಿಲ್ಲ. ನಿಜ ಹೇಳಬೇಕೆಂದರೆ, ಆ ಅಳು ಕೇಳಿದರೆ ತನ್ನ ಎದೆಯೂ ಒಡೆದೀತೆಂದು ಅವನಿಗೆ ಭಯ. ಸರಿ, ಇದನ್ನೂ ತಾನೇ ರಿಪೇರಿ ಮಾಡುತ್ತೇನೆಂದು ಹೊರಟ.

ಶಕುಂತಲಾಳ ಅಕ್ಕ ಪಾರ್ವತಕ್ಕ ಬ್ಯಾಡಗಿಯವಳು. ಕಾಲು ಮುರಿದುಕೊಂಡು ಮಲಗಿದ್ದರಿಂದ ಮಣ್ಣು ಕೊಡುವ ದಿನ ಬರಲಾಗಿರಲಿಲ್ಲ. ನಡೆಯುವಷ್ಟಾದ ಕೂಡಲೇ ಕೋಲು ಹಿಡಿದು ಬಂದಳು. ಗುರುಶಾಂತಪ್ಪ ಗೇಟಿನಲ್ಲೇ ತಡೆದ.

"ಅಕ್ಕಾರ, ಬರ್ರಿ, ಚಾ ಕುಡೀರಿ. ಆದ್ರ ದಾಕ್ಷಿ ಹೆಸರು ತಗೀಬ್ಯಾಡ್ರಿ. ಈಕಿ ಅಳಾಕ ಹತ್ತಿದ್ಲಂದ್ರ ಮತ್ತ ಹಾಸಿಗಿ ಬಿಟ್ಟು ಏಳೂದಿಲ್ಲ."

"ಅಳಾಕಂತನ ಬಂದೀನ್ರಿ," ಎಂದಳು ಪಾರ್ವತಕ್ಕ. "ತಂಗೀನ ಮಾತಾಡಿಸಾಕ ಬಂದು, ಮಳಿ ಬೆಳಿ ಸುದ್ದಿ ಹೇಳಿ ಹೋಗ್ಲೇನು?"

"ಹೌದ್ರಿ. ಅದನ್ನ ಹೇಳ್ರಿ."

ಬಾಗಿಲ ಹಿಂದೆ ಶಕುಂತಲಾ ನಿಂತಿದ್ದಳು. ಅಕ್ಕನ ದನಿ ಕೇಳಿ ಬಾಯಿ ತೆರೆದವಳು, ಗಂಡನ ಮುಖ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪಾರ್ವತಕ್ಕ ಬಾಗಿಲವರೆಗೆ ಬಂದು, ತಂಗಿಯ ಕೈಯನ್ನು ಒಮ್ಮೆ ಹಿಡಿದು ಬಿಟ್ಟು, ಹಾಗೇ ಹಿಂತಿರುಗಿ ಬಸ್ಸು ಹತ್ತಿದಳು. ಆಮೇಲೆ ಬಂದವರಿಗೂ ಅದೇ ಅಪ್ಪಣೆ. ಸುದ್ದಿ ಹಬ್ಬಿದ ಮೇಲೆ ಯಾರೂ ಬರಲಿಲ್ಲ. ಗುರುಶಾಂತಪ್ಪ ಮಗಳ ಫೋಟೊ, ಬಟ್ಟೆ, ಪುಸ್ತಕ ಎಲ್ಲವನ್ನೂ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದ. ಮನೆಯಲ್ಲಿ ಅಳುವಿನ ಸದ್ದು ನಿಂತಿತು. ನೋವು ವಾಸಿಯಾಯಿತೆಂದು ಅವನು ತಿಳಿದ.

ಕೆಲವು ದಿನ ಕಳೆದು ಹೆಂಡತಿಯನ್ನು ಕಾರಿನಲ್ಲಿ ಸುತ್ತಾಡಿಸಲು ಕರೆದೊಯ್ದ. ಎಂಜಿನ್ನಿನ ಹೊಗೆವಾಸನೆಗೆ ಅವಳಿಗೆ ತಲೆ ಸುತ್ತಿತು. ಎಂಜಿನ್ನಿನ ಮೇಲ್ಭಾಗದಲ್ಲಿ ಒಂದು ಸಣ್ಣ ಕೊಳವೆ ಇರುತ್ತದೆ. ಒಳಗೆ ಹುಟ್ಟುವ ಬಿಸಿ ಹೊಗೆ ಅದರಿಂದ ಹೊರಗೆ ಹೋಗುತ್ತದೆ. ಎಂಜಿನ್ನಿನ ಮೂಗು ಅನ್ನಿ. ಹಳೆಯ ಕಾರಿನಲ್ಲಿ ಆ ಉಸಿರಿಗೆ ಸ್ವಲ್ಪ ನಾತ. ಗುರುಶಾಂತಪ್ಪ ಹಳೆಯ ಬನಿಯನ್ ಹರಿದು, ಉಂಡೆ ಮಾಡಿ, ಕೊಳವೆಗೆ ತುರುಕಿ, ಮೇಲೆ ತಂತಿ ಬಿಗಿದ. ಹೆಂಡತಿಗೆ ತ್ರಾಸವಾಗಬಾರದೆಂದು ಹಾಕಿದ ಬಿರಡೆ ಅದು. ವಾಸನೆ ನಿಂತಿತು. ಅವನು ಆ ವಿಷಯವನ್ನೇ ಮರೆತ.

ಸ್ವಲ್ಪ ದಿನಕ್ಕೆ ಕಾರು ನಿಲ್ಲಿಸುವ ಕಲ್ಲುಹಾಸಿನ ಮೇಲೆ ಎಣ್ಣೆಯ ಕಲೆ ಕಂಡಿತು. ಎಂಜಿನ್ನಿನ ಮೇಲಿನ ಮುಚ್ಚಳದ ಅಂಚಿನಲ್ಲಿ ಆಯಿಲ್ ಜಿನುಗುತ್ತಿತ್ತು. ಬೋಲ್ಟು ಬಿಗಿದ. ನಿಲ್ಲಲಿಲ್ಲ. ಮುಚ್ಚಳ ಬಿಚ್ಚಿ ಹೊಸ ಗ್ಯಾಸ್ಕೆಟ್ ಹಾಕಿದ. ಅಲ್ಲಿ ನಿಂತು, ಕೆಳಗೆ ಆಯಿಲ್ ಇರುವ ಚೇಂಬರಿನ ಅಂಚಿನಿಂದ ಶುರುವಾಯಿತು. ಕಾರಿನಡಿ ಅಂಗಾತ ಮಲಗಿ ಅದನ್ನೂ ಇಳಿಸಿ, ಒರೆಸಿ, ಅಂಟು ಬಳಿದು ಕೂರಿಸಿದ. ಆಗ ಎಂಜಿನ್ನಿನ ಮುಂಭಾಗದ ಆಯಿಲ್ ಸೀಲ್ ಹರಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿತ್ತು ಅವನ ರಿಪೇರಿ. ಒಂದು ದಿನ ಆಯಿಲ್ ಅಳತೆ ನೋಡುವ ಕಡ್ಡಿಯೇ ತಾನಾಗಿ ಮೇಲೆದ್ದು ಕೂತಿತ್ತು. ಅದನ್ನೂ ಒತ್ತಿ ಕಟ್ಟಿಹಾಕಿದ.

"ಗುರುಶಾಂತಪ್ಪಾರ, ಮೆಕ್ಯಾನಿಕ್ಕಿಗೆ ಒಂದ್ ಸಲ ತೋರಸ್ರಿ," ಎಂದ ಪಕ್ಕದ ಮನೆಯ ವಾಮದೇವಯ್ಯ.

"ನಮ್ಮ ಮನೀ ಸೋರಿಕಿ ನಮಗ ಗೊತ್ತ್ರಿ," ಎಂದು ಕಾರಿನಡಿಯಿಂದಲೇ ಉತ್ತರ ಬಂತು.

ಒಳಗೆ ಶಕುಂತಲಾಗೆ ತಲೆನೋವು ಹತ್ತಿತ್ತು. ಗುಳಿಗೆ ತಂದುಕೊಟ್ಟ. ತಲೆನೋವು ಇಳಿದು ನಿದ್ದೆ ಕೆಟ್ಟಿತು. ಅದಕ್ಕೂ ಡಾಕ್ಟರರ ಹತ್ತಿರ ಕರೆದೊಯ್ದ. ನಿದ್ದೆಯೇನೋ ಬಂತು. ಆದರೆ ಎಂದೂ ಯಾರ ಮೇಲೂ ದನಿ ಏರಿಸದವಳು, ಒಂದು ಬೆಳಿಗ್ಗೆ ಹೂವಿನವಳ ಮೇಲೆ ಹರಿಹಾಯ್ದು, ಮಲ್ಲಿಗೆ ಮಾಲೆಯನ್ನು ಬೀದಿಗೆ ಎಸೆದಳು. ಗುರುಶಾಂತಪ್ಪ ಹೂವಿನವಳು ಬರುವುದನ್ನೇ ನಿಲ್ಲಿಸಿದ.

ಒಮ್ಮೆ ಅವನು ಕಾರಿನಡಿ ಮಲಗಿದ್ದಾಗ ಶಕುಂತಲಾ ಬಂದು ಹತ್ತಿರ ಕುಕ್ಕರಗಾಲಲ್ಲಿ ಕೂತಳು.

"ರೀ, ಅಕ್ಕನ್ನ ನೋಡಬೇಕು ಅನಸೇತಿ. ಬ್ಯಾಡಗಿಗೆ ಹೋಗಿ ಬರ್ಲೇನು?"

"ಇದೊಂದು ಸೋರೂದು ನಿಲ್ಲಲಿ ತಡಿ. ಕಾರಿನಾಗ ನಾನ ಕರಕೊಂಡು ಹೋಗ್ತೀನಿ."

ಅವಳು ಎದ್ದು ಒಳಗೆ ಹೋದಳು. ಮತ್ತೆ ಎಂದೂ ಕೇಳಲಿಲ್ಲ. ಹೀಗೇ ಎರಡು ಯುಗಾದಿ ಕಳೆದವು.

ಒಂದು ಭಾನುವಾರ ಮುಂಜಾನೆ ಎಂಜಿನ್ ಚಾಲೂ ಇಟ್ಟು ಗುರುಶಾಂತಪ್ಪ ಸೋರುವ ಜಾಗ ನೋಡುತ್ತಿದ್ದ. ಆಯಿಲ್ ತುಂಬುವ ಮುಚ್ಚಳವನ್ನು ತಿರುವಿ ತೆಗೆದನೋ ಇಲ್ಲವೋ, ಒಳಗಿನ ಹೊಗೆ ಬುಸ್ಸೆಂದು ಮುಖಕ್ಕೆ ಹೊಡೆಯಿತು. ಬಗ್ಗಿ ನೋಡಿದರೆ ಕೆಳಗಿನ ಹನಿ ಕಡಿಮೆಯಾಗಿತ್ತು. ಮುಚ್ಚಳ ಹಾಕಿದ, ಹನಿ ಜೋರಾಯಿತು. ತೆಗೆದ, ಮತ್ತೆ ಕಡಿಮೆ. ಆಗ ಅವನಿಗೆ ಕೊಳವೆಯ ನೆನಪಾಯಿತು. ತಂತಿ ಬಿಚ್ಚಿ ಎಳೆದರೆ ಬನಿಯನ್ನಿನ ಉಂಡೆ ಕರಿಯ ಮುದ್ದೆಯಾಗಿ ಕೈಗೆ ಬಂತು. ಎಂಜಿನ್ನಿಗೆ ಬೇರೆ ಯಾವ ರೋಗವೂ ಇರಲಿಲ್ಲ. ಹೊರಗೆ ಹೋಗಲು ದಾರಿ ಸಿಗದ ಉಸಿರು ಸಂದಿಗೊಂದಿಯಲ್ಲೆಲ್ಲ ಎಣ್ಣೆಯನ್ನು ದೂಡುತ್ತಿತ್ತು, ಅಷ್ಟೆ. ಹರಿದ ಸೀಲು ಮಾತ್ರ ಹರಿದಂತೆಯೇ ಇತ್ತು. ಇರಲಿ, ಅದಕ್ಕೆ ಅಂಗಡಿಯಲ್ಲಿ ಹೊಸದು ಸಿಗುತ್ತದೆ.

"ಎಂಥಾ ಹುಚ್ಚ ನಾನು!" ಎಂದು ಅವನಿಗೆ ನಗು ಬಂತು. ಹೆಂಡತಿಗೆ ಹೇಳಲೆಂದು ತಿರುಗಿ ಮನೆಯೊಳಗೆ ನೋಡಿದ. ಶಕುಂತಲಾ ಅಡುಗೆಮನೆಯ ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು. ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿದ್ದರೂ ಅವಳಿಗೆ ಅದರ ಪರಿವೆ ಇರಲಿಲ್ಲ. ಗುರುಶಾಂತಪ್ಪನ ನಗು ಅಲ್ಲೇ ಆರಿತು. ಗೇಟಿನಲ್ಲಿ ನಿಂತು ತಾನು ಯಾರು ಯಾರ ಬಾಯಿ ಕಟ್ಟಿ ಕಳಿಸಿದ್ದೆನೆಂಬುದು ಒಂದೊಂದೇ ಮುಖವಾಗಿ ಕಣ್ಣೆದುರು ಬಂತು. ಎಣ್ಣೆಗೈಯಲ್ಲೇ ಒಳಗೆ ಓಡಿದ.

"ಶಕುಂತಲಾ, ನಮ್ಮ ದಾಕ್ಷಿ..."

ಆ ಹೆಸರು ಆ ಮನೆಯಲ್ಲಿ ಕೇಳಿ ಬಹಳ ಕಾಲವಾಗಿತ್ತು. ಅವಳು ತಿರುಗಿ ನೋಡಿದಳು.

"ನಾ ತಪ್ಪು ಮಾಡೀನಿ. ಅತ್ತುಬಿಡು. ಎಷ್ಟು ಬೇಕೋ ಅಷ್ಟು ಅಳು. ನಾ ಏನೂ ಅನ್ನೂದಿಲ್ಲ."

 ಅಳಲು ಯತ್ನಿಸುತ್ತಿದ್ದಾಳೆಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

"ಬರವಲ್ದುರೀ," ಎಂದಳು ಕೊನೆಗೆ. "ಅಕ್ಕ ಬಂದಾಗ ಬಂದಿತ್ತು. ಗಂಟಲಮಟ ಬಂದಿತ್ತು. ನೀವು ಬ್ಯಾಡ ಅಂದ್ರಿ, ನುಂಗಿದ್ನಿ. ಮತ್ತ ಬಂತು, ಮತ್ತ ನುಂಗಿದ್ನಿ. ಈಗ ಕರದ್ರೂ ಬರವಲ್ದು. ಆಕಿ ದನಿನೂ ನೆನಪಾಗವಲ್ದು. ನಿಮಗ ನೆನಪೈತೇನ್ರಿ, ಆಕಿ 'ಅವ್ವಾ' ಅಂತ ಹೆಂಗ ಕರೀತಿದ್ಲು?"

ಗುರುಶಾಂತಪ್ಪ ನೆನಪಿಸಿಕೊಳ್ಳಲು ನೋಡಿದ. ಅವನಿಗೂ ಬರಲಿಲ್ಲ.

ಅಂದೇ ಅವನು ಪಾರ್ವತಕ್ಕನಿಗೆ ಫೋನು ಮಾಡಿ, ತಪ್ಪಾಯಿತೆಂದು ಹೇಳಿ, ಬರಬೇಕೆಂದು ಬೇಡಿಕೊಂಡ. ಹಳೆಯದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಆಕೆ ಮಧ್ಯಾಹ್ನದ ಬಸ್ಸಿಗೇ ಬಂದಳು. ಬಂದವಳೇ ತಂಗಿಯನ್ನು ತಬ್ಬಿಕೊಂಡು, "ನನ್ನ ಬಂಗಾರದ ಗೊಂಬೀ, ಹಡದವ್ವನ್ನ ಬಿಟ್ಟು ಎಲ್ಲಿಗ್ಹೋದೆವ್ವಾ" ಎಂದು ದನಿ ತೆಗೆದಳು. ಅಳು ಕೇಳಿ ಓಣಿಯ ಹೆಂಗಸರು ಕೈಯಲ್ಲಿನ ಕೆಲಸ ಬಿಟ್ಟು ಬಂದು ಸುತ್ತ ಕೂತರು. ಎಲ್ಲರೂ ಅತ್ತರು. ಗುರುಶಾಂತಪ್ಪನೂ ಹೊಸ್ತಿಲ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತ.

ಶಕುಂತಲಾ ಮಾತ್ರ ಅಳಲಿಲ್ಲ. ಬೇರೆ ಯಾರದೋ ಮನೆಗೆ ಮಾತಾಡಿಸಲು ಹೋದವಳಂತೆ ಅಕ್ಕನ ಬೆನ್ನು ಸವರುತ್ತ ಕೂತಿದ್ದಳು.

"ಸಾಕು ಬಿಡಕ್ಕ, ಎಷ್ಟು ಅಳ್ತಿ? ನಿನ್ನ ಜೀವಕ್ಕ ತ್ರಾಸ ಆಕ್ಕತಿ," ಎಂದಳು.

ಹಡೆದವಳು ಒಣಗಣ್ಣಿನಲ್ಲಿ ಕೂತು ಬಂದವರನ್ನೆಲ್ಲ ಸಂತೈಸುತ್ತಿದ್ದಳು. ಅದನ್ನು ನೋಡಿ ಗುರುಶಾಂತಪ್ಪನಿಗೆ ಮಗಳು ಹೋದ ದಿನಕ್ಕಿಂತಲೂ ಹೆಚ್ಚು ಸಂಕಟವಾಯಿತು.

ನೀತಿ: ದುಃಖ ಹೊರಗೆ ಬರುವ ದಾರಿಯನ್ನು ಪ್ರೀತಿಯಿಂದ ಮುಚ್ಚಿದರೂ ಕೇಡು ತಪ್ಪುವುದಿಲ್ಲ. ಅಳುವವರನ್ನು ಅಳುವ ಕಾಲಕ್ಕೆ ಅಳಲು ಬಿಡಿ, ಜೊತೆಗೆ ಕೂತು ನೀವೂ ಅಳಿ. ಕಾಲ ಮೀರಿದ ಮೇಲೆ ಬೇಡಿಕೊಂಡರೂ ಕಣ್ಣೀರು ಬರುವುದಿಲ್ಲ.